ಗ್ಯಾಂಬೆಲ್‌ನಲ್ಲಿ ಆರು ದಿನ: ಹಕ್ಕಿ ತೋರಿಸಿ ಊರು ಮರೆತ ಒಂದು ಪ್ರವಾಸ

ಬೇರಿಂಗ್ ಸಮುದ್ರದ ನಡುವಿನ ಸೇಂಟ್ ಲಾರೆನ್ಸ್ ದ್ವೀಪದ ವಾಯವ್ಯ ತುದಿಯಲ್ಲಿ ಗ್ಯಾಂಬೆಲ್ ಎಂಬ, ಯೂಪಿಕ್ ಮೂಲನಿವಾಸಿಗಳ ಊರಿದೆ. ಅಲ್ಲಿಗೆ ಹಕ್ಕಿ ವೀಕ್ಷಕರನ್ನು ಕರೆದೊಯ್ಯುವ ಒಂದು ಪ್ರವಾಸ ಸಂಸ್ಥೆಯ ಆರು ದಿನಗಳ ಸೇವೆಯನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಪಡೆದುಕೊಂಡಿದ್ದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಕಂಡ ಕೊರತೆ ಆ ಒಂದು ಸಂಸ್ಥೆಗಿಂತ ಹೆಚ್ಚಾಗಿ ಇಂಥ ಪ್ರವಾಸಗಳನ್ನು ರೂಪಿಸುವ ಬಗೆಗೆ ಸಂಬಂಧಿಸಿದ್ದು. ಹಕ್ಕಿಗಳ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಆದರೆ ಎರಡು ಸಾವಿರ ವರ್ಷಗಳಿಂದ ಜನ ಬಾಳುತ್ತಿರುವ ನೆಲವೊಂದನ್ನು, ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ತೋರಿಸಿ ವಾಪಸು ಕರೆತರುವುದು ಸರಿಯಾದ ಸೇವೆಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಈ ವಿಮರ್ಶೆ ಆ ನಂಬಿಕೆಯಿಂದಲೇ ಹುಟ್ಟಿದೆ.

ಊರು ಎಲ್ಲಿದೆ ಎಂಬುದನ್ನು ಮೊದಲು ತಿಳಿಸಬೇಕು, ಏಕೆಂದರೆ ಉಳಿದೆಲ್ಲವೂ ಅದರಿಂದಲೇ ಹೊರಡುತ್ತದೆ. ದ್ವೀಪ ಆಡಳಿತಾತ್ಮಕವಾಗಿ ಅಮೆರಿಕದ ಅಲಾಸ್ಕಾ ರಾಜ್ಯಕ್ಕೆ ಸೇರಿದ್ದರೂ ಅಲಾಸ್ಕಾದ ನೋಮ್ ಪಟ್ಟಣ ಗ್ಯಾಂಬೆಲ್‌ನಿಂದ ಸುಮಾರು 320 ಕಿಲೋಮೀಟರ್ ದೂರದಲ್ಲಿದೆ. ರಷ್ಯಾದ ಚುಕೋಟ್ಕಾ ಪರ್ಯಾಯದ್ವೀಪವಾದರೋ ಹೆಚ್ಚೆಂದರೆ 60 ಕಿಲೋಮೀಟರ್. ಆಕಾಶ ತಿಳಿಯಾಗಿರುವ ದಿನ ಊರಿನ ದಡದಲ್ಲಿ ನಿಂತರೆ ಸೈಬೀರಿಯಾದ ಹಿಮದ ಬೆಟ್ಟಗಳು ಬರಿಗಣ್ಣಿಗೆ ಕಾಣುತ್ತವೆ. ನಡುವೆ ಅಂತರರಾಷ್ಟ್ರೀಯ ದಿನರೇಖೆ ಹಾದುಹೋಗುವುದರಿಂದ ಆ ಬೆಟ್ಟಗಳ ಮೇಲೆ ಆಗಲೇ ಮರುದಿನ ನಡೆಯುತ್ತಿರುತ್ತದೆ. ದ್ವೀಪದ ಉದ್ದ ಸುಮಾರು 145 ಕಿಲೋಮೀಟರ್, ವಿಸ್ತೀರ್ಣ ಸುಮಾರು 4,600 ಚದರ ಕಿಲೋಮೀಟರ್. ಇಷ್ಟು ದೊಡ್ಡ ನೆಲದಲ್ಲಿ ಇಂದು ಗ್ಯಾಂಬೆಲ್ ಮತ್ತು ಸವೂಂಗಾ ಎಂಬ ಎರಡೇ ಊರುಗಳಿವೆ. 2020ರ ಜನಗಣತಿಯಲ್ಲಿ ಗ್ಯಾಂಬೆಲ್‌ನಲ್ಲಿ 640, ಸವೂಂಗಾದಲ್ಲಿ 835 ಮಂದಿ ಇದ್ದರು. ಮರವೆಂಬುದು ದ್ವೀಪದಲ್ಲೇ ಇಲ್ಲ. ನೆಲಕ್ಕೆ ಅಂಟಿಕೊಂಡು ಹರಡುವ, ಮೊಣಕಾಲಿನವರೆಗೂ ಬರದ ಆರ್ಕ್ಟಿಕ್ ವಿಲೋ ಒಂದೇ ಇಲ್ಲಿನ ಕಾಡು. ಹಿಂದೆ ಏಷ್ಯಾವನ್ನೂ ಅಮೆರಿಕವನ್ನೂ ಬೆಸೆದಿದ್ದ ಬೇರಿಂಜಿಯಾ ಎಂಬ ಭೂಭಾಗ ಸಮುದ್ರದಲ್ಲಿ ಮುಳುಗಿದಾಗ ಮೇಲೆ ಉಳಿದ ತುಣುಕು ಇದು. ದ್ವೀಪಕ್ಕೂ ಗ್ಯಾಂಬೆಲ್ ಊರಿಗೂ ಯೂಪಿಕ್ ಜನ ಇಟ್ಟ ಹೆಸರು ಸಿವುಕಾಕ್. ಕಡಲ ತಳದಿಂದ ಎತ್ತಿದ ಮಣ್ಣನ್ನು ಹಿಂಡಿ ನೆಲ ಮಾಡಲಾಯಿತು ಎಂಬ ಹುಟ್ಟುಕಥೆಯೊಂದಿಗೆ ಅವರು ಆ ಹೆಸರನ್ನು ಜೋಡಿಸಿ ಹೇಳುತ್ತಾರೆ. ಸೇಂಟ್ ಲಾರೆನ್ಸ್ ಎಂಬುದು 1728ರ ಆಗಸ್ಟ್‌ನಲ್ಲಿ, ಆ ಸಂತನ ಹಬ್ಬದ ದಿನ, ಈ ದಾರಿಯಲ್ಲಿ ಬಂದ ನಾವಿಕ ವಿಟಸ್ ಬೇರಿಂಗ್ ಕೊಟ್ಟ ಹೆಸರು.

ಪ್ರಯಾಣದ ವ್ಯವಸ್ಥೆಯ ಬಗ್ಗೆ ನನಗೆ ದೂರಿಲ್ಲ. ಆಂಕರೇಜ್‌ನಿಂದ ನೋಮ್‌ಗೆ ದೊಡ್ಡ ವಿಮಾನ, ಅಲ್ಲಿಂದ ಗ್ಯಾಂಬೆಲ್‌ಗೆ ಸಣ್ಣ ವಿಮಾನ. ಕಡಲಿಗೂ ಟ್ರೌಟ್‌ಮನ್ ಸರೋವರಕ್ಕೂ ನಡುವಿನ ಕಿರಿದಾದ ಕಲ್ಲುದಿಣ್ಣೆಯ ಮೇಲೆ ರನ್‌ವೇ ಇದೆ. ಮಂಜು ಮುಸುಕಿದರೆ ವಿಮಾನ ಬರುವುದಿಲ್ಲ. ನಾವು ನೋಮ್‌ನಲ್ಲಿ ಒಂದಿಡೀ ದಿನ ಕಾದೆವು. ಸಂಸ್ಥೆ ಆ ರಾತ್ರಿಯ ವಸತಿಯನ್ನು ತಾನೇ ಭರಿಸಿ, ಎರಡೆರಡು ಗಂಟೆಗೊಮ್ಮೆ ಸುದ್ದಿ ತಿಳಿಸುತ್ತಿತ್ತು. ಗ್ಯಾಂಬೆಲ್‌ನ ವಸತಿಗೃಹ ಸರಳವಾದದ್ದು: ಹಂಚಿಕೊಳ್ಳುವ ಸ್ನಾನಗೃಹ, ಹಂಚಿಕೊಳ್ಳುವ ಅಡುಗೆಮನೆ, ಬೆಚ್ಚಗಿನ ಕೋಣೆ. ಊಟವನ್ನು ಮಾರ್ಗದರ್ಶಕರೇ ಮಾಡಿ ಬಡಿಸುತ್ತಿದ್ದರು. ಊರಿನ ಅಂಗಡಿಗೆ ಬರುವ ಸಾಮಾನಿನ ಬಹುಪಾಲು ವಿಮಾನದಲ್ಲೇ ಬರುವುದರಿಂದ ಬೆಲೆ ಹೆಚ್ಚು, ಹಾಗಾಗಿ ಬೇಕಾದದ್ದನ್ನು ಆಂಕರೇಜ್‌ನಲ್ಲೇ ಕೊಂಡುಕೊಳ್ಳುವಂತೆ ಮೊದಲೇ ಹೇಳಿದ್ದರು. ಮದ್ಯವನ್ನು ತರುವುದು, ಇಟ್ಟುಕೊಳ್ಳುವುದು ಎರಡೂ ಊರಿನಲ್ಲಿ ನಿಷಿದ್ಧ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿದ್ದರು. ಇವೆಲ್ಲ ಒಳ್ಳೆಯ ವ್ಯವಸ್ಥೆಯ ಲಕ್ಷಣಗಳು.

ಆದರೆ ಅವರು ತಿಳಿಸದೆ ಬಿಟ್ಟ ಒಂದು ಸಂಗತಿಯನ್ನು ಮುಂದೆ ಹೋಗುವವರಿಗಾಗಿ ಹೇಳುತ್ತೇನೆ. ಗ್ಯಾಂಬೆಲ್ ನಿಂತಿರುವುದು ಮಣ್ಣಿನ ಮೇಲಲ್ಲ, ಬಟಾಣಿ ಗಾತ್ರದ ನುಣುಪಾದ ಉರುಟುಗಲ್ಲುಗಳ ಮೇಲೆ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಕಣಕಾಲಿನವರೆಗೆ ಹೂತುಹೋಗುವ ಆ ಕಲ್ಲಿನಲ್ಲಿ ಎರಡು ಕಿಲೋಮೀಟರ್ ನಡೆಯುವುದು ಗಟ್ಟಿನೆಲದಲ್ಲಿ ಐದಾರು ಕಿಲೋಮೀಟರ್ ನಡೆದಂತೆ. ಊರಿನ ಜನ ನಾಲ್ಕು ಚಕ್ರದ ಎಟಿವಿಗಳಲ್ಲಿ ಓಡಾಡುತ್ತಾರೆ, ಬಾಡಿಗೆಗೂ ಕೊಡುತ್ತಾರೆ. ಮೊಣಕಾಲು ನೋವಿರುವವರು ಅದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು. ನಿದ್ರೆಯ ವಿಷಯದಲ್ಲೂ ಸಿದ್ಧರಾಗಿರಬೇಕು: ದ್ವೀಪ ಇಷ್ಟು ಪಶ್ಚಿಮಕ್ಕಿದ್ದರೂ ಗಡಿಯಾರ ಅಲಾಸ್ಕಾದ್ದೇ ಆದ್ದರಿಂದ ಮೇ ಕೊನೆಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಮುಳುಗುವುದು ರಾತ್ರಿ ಒಂದು ಗಂಟೆ ಕಳೆದ ಮೇಲೆ.

ಹಕ್ಕಿಗಳ ವಿಷಯಕ್ಕೆ ಬಂದರೆ, ಮಾರ್ಗದರ್ಶಕರಿಬ್ಬರೂ ಅಪ್ಪಟ ಪರಿಣತರು. ಬೆಳಗಿನ ಹೊತ್ತು ದ್ವೀಪದ ವಾಯವ್ಯ ಮೂಲೆಯ ಕಡಲಂಚಿನಲ್ಲಿ ಕುಳಿತರೆ ಕಣ್ಣೆದುರಿಗೆ ಸಾವಿರಾರು ಕಡಲಹಕ್ಕಿಗಳು ನೀರಿಗೆ ತಾಗಿಕೊಂಡಂತೆ ಹಾದುಹೋಗುತ್ತವೆ. ಆ ಗಡಿಬಿಡಿಯಲ್ಲೂ ಅವರು ರೆಕ್ಕೆಯ ಬಡಿತ ನೋಡಿಯೇ ಜಾತಿ ಹೇಳುತ್ತಿದ್ದರು. ಊರಿನ ಪೂರ್ವಕ್ಕೆ ಗೋಡೆಯಂತೆ ಎದ್ದಿರುವ ಸೆವೂಕುಕ್ ಬೆಟ್ಟದ ಬಂಡೆಗಳ ಸಂದಿಗಳಲ್ಲಿ ಆಕ್ಲೆಟ್ ಎಂಬ ಪುಟ್ಟ ಕಡಲಹಕ್ಕಿಗಳು ಅಸಂಖ್ಯವಾಗಿ ಗೂಡು ಮಾಡುತ್ತವೆ. ಅವುಗಳಲ್ಲಿ ಜುಟ್ಟಿರುವ ಕ್ರೆಸ್ಟೆಡ್ ಆಕ್ಲೆಟ್ ಹಕ್ಕಿಯ ಮೈಯಿಂದ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತದೆ ಎಂದು ಓದಿದ್ದೆ. ಗಾಳಿ ಬೆಟ್ಟದಿಂದ ನಮ್ಮ ಕಡೆಗೆ ತಿರುಗಿದ ಒಂದು ಸಂಜೆ ಅದು ನಿಜವೆಂದು ಮೂಗೇ ಸಾಕ್ಷಿ ಹೇಳಿತು. ದುರ್ಬೀನಿನ ಸ್ಟ್ಯಾಂಡನ್ನು ಪ್ರತಿಯೊಬ್ಬರ ಎತ್ತರಕ್ಕೆ ಹೊಂದಿಸಿ, ಎಲ್ಲರೂ ನೋಡಿದ ಮೇಲೆಯೇ ಮುಂದೆ ಹೊರಡುವ ತಾಳ್ಮೆ ಅವರಿಗಿತ್ತು. ಈ ಭಾಗಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ನನ್ನ ಅಸಮಾಧಾನ ಶುರುವಾದದ್ದು ಅವರು ಬೋನ್‌ಯಾರ್ಡ್, ಅಂದರೆ ಎಲುಬಿನ ಅಂಗಳ, ಎಂದು ಕರೆಯುವ ಜಾಗದಲ್ಲಿ. ಹಕ್ಕಿ ವೀಕ್ಷಕರ ಬಾಯಲ್ಲಿ ಇದು ದಿನಕ್ಕೆ ಇಪ್ಪತ್ತು ಬಾರಿ ಬರುವ ಮಾತು: ಹತ್ತಿರದ ಬೋನ್‌ಯಾರ್ಡ್, ದೂರದ ಬೋನ್‌ಯಾರ್ಡ್. ಏಷ್ಯಾದ ಕಡೆಯಿಂದ ದಾರಿತಪ್ಪಿ ಬರುವ ಸಣ್ಣ ಹಕ್ಕಿಗಳು ಇಲ್ಲಿ ಅಡಗುತ್ತವೆ; ಬಂಜರು ಕಲ್ಲಿನ ನಡುವೆ ಈ ಗುಂಡಿಗಳಲ್ಲಿ ಮಾತ್ರ ಸೊಪ್ಪುಗಿಡ ದಟ್ಟವಾಗಿ ಬೆಳೆದಿರುತ್ತದೆ. ನಾವು ಸಾಲಾಗಿ ನಿಂತು, ಆಳೆತ್ತರದ ಆ ಗುಂಡಿಗಳನ್ನು ಒಂದೊಂದಾಗಿ ಬಳಸುತ್ತಾ ಹಕ್ಕಿ ಎಬ್ಬಿಸುತ್ತಿದ್ದೆವು. ಕಾಲಡಿಯಲ್ಲಿ ವಾಲ್ರಸ್ ಎಂಬ ಕೋರೆದಂತದ ದೊಡ್ಡ ಕಡಲಪ್ರಾಣಿಯ ಪಾಚಿ ಹಿಡಿದ ತಲೆಬುರುಡೆಗಳು, ತಿಮಿಂಗಿಲದ ಬೆನ್ನೆಲುಬಿನ ಗಾಲಿಯಂಥ ತುಂಡುಗಳು, ಕಪ್ಪಗಾದ ಪಕ್ಕೆಲುಬುಗಳು. ಸೊಪ್ಪು ಇಲ್ಲೇ ಏಕೆ ಬೆಳೆಯುತ್ತದೆ ಎಂದು ಕೇಳಿದಾಗ ಮಾರ್ಗದರ್ಶಕರು ಹೇಳಿದ್ದು ಒಂದೇ ಮಾತು, ಹಳೆಯ ತಿಪ್ಪೆ ಎಂದು.

ಅದು ತಿಪ್ಪೆ ಹೌದು, ಆದರೆ ಎರಡು ಸಾವಿರ ವರ್ಷಗಳ ಬದುಕಿನ ತಿಪ್ಪೆ. ಬೇಟೆಯಾಡಿ ತಂದು, ಕೊಯ್ದು, ತಿಂದು, ಮನೆ ಕಟ್ಟಿ, ಮತ್ತೆ ಅದರ ಮೇಲೆಯೇ ಮನೆ ಕಟ್ಟಿದ ತಲೆಮಾರುಗಳು ಬಿಟ್ಟುಹೋದ ಎಲುಬು ಮತ್ತು ಕೊಬ್ಬು ಆ ನೆಲಕ್ಕೆ ಇನ್ನೂ ಸಾರ ಕೊಡುತ್ತಿದೆ. 1930ರಲ್ಲಿ ಹೆನ್ರಿ ಕಾಲಿನ್ಸ್ ಎಂಬ ಪುರಾತತ್ತ್ವಜ್ಞ ಇಲ್ಲಿ ಉತ್ಖನನ ನಡೆಸಿದಾಗ, ಕಡಲು ಹಿಂದೆ ಸರಿದು ಹೊಸ ದಿಣ್ಣೆಗಳು ಮೂಡಿದಂತೆಲ್ಲ ಜನವಸತಿಯೂ ನೀರಿನತ್ತ ಸರಿಯುತ್ತಾ ಬಂದಿರುವುದು ಕಂಡಿತು. ಹಾಗಾಗಿ ಬೆಟ್ಟದ ಬುಡದಿಂದ ದಡದತ್ತ ನಡೆಯುವುದೆಂದರೆ ಪುರಾತತ್ತ್ವಜ್ಞರು ‘ಹಳೆಯ ಬೇರಿಂಗ್ ಸಮುದ್ರ ಸಂಸ್ಕೃತಿ’ ಎಂದು ಕರೆಯುವ ಪ್ರಾಚೀನ ಕಾಲದಿಂದ ಈಚಿನ ಕಾಲದತ್ತ ನಡೆದಂತೆ. 1962ರಲ್ಲಿ ಅಮೆರಿಕ ಸರ್ಕಾರ ಈ ನೆಲೆಗಳನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು. ಹಳೆಯ ದಂತ ಮತ್ತು ವಸ್ತುಗಳಿಗಾಗಿ ಅಗೆದು ಅಗೆದು ಪದರಗಳೆಲ್ಲ ಕಲಸಿಹೋದ ಕಾರಣ 1989ರಲ್ಲಿ ಆ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ನಾವು ಹಕ್ಕಿ ಹುಡುಕಿದ ಗುಂಡಿಗಳು ಹೀಗೆ ಆದವು. ಅಗೆದವರು ಬಹುಪಾಲು ಊರಿನವರೇ. ಕೆಲಸ ಕಡಿಮೆ, ಎಣ್ಣೆಗೂ ದಿನಸಿಗೂ ಖರ್ಚು ಹೆಚ್ಚು ಇರುವ ಕಡೆ, ತಮ್ಮದೇ ನೆಲದಲ್ಲಿ ತಮ್ಮ ಅಜ್ಜಂದಿರು ಬಿಟ್ಟುಹೋದದ್ದನ್ನು ಮಾರಿ ಮನೆ ನಡೆಸುವವರನ್ನು ಹೊರಗಿನವನಾದ ನಾನು ದೂಷಿಸಲಾರೆ. ಆದರೆ ಇಷ್ಟನ್ನೂ ಅತಿಥಿಗಳಿಗೆ ಹೇಳದೆ ಆ ಗುಂಡಿಗಳಲ್ಲಿ ನಡೆಸುವುದು ತಪ್ಪು.

ಅದಕ್ಕಿಂತ ದೊಡ್ಡ ಮೌನ ಇನ್ನೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಈ ದ್ವೀಪದ ಸುತ್ತ ದಡದುದ್ದಕ್ಕೂ ಹಲವು ಊರುಗಳಿದ್ದವು. ತಿಮಿಂಗಿಲ ಬೇಟೆಯ ವ್ಯಾಪಾರಿ ಹಡಗುಗಳು ಬೇರಿಂಗ್ ಸಮುದ್ರಕ್ಕೆ ನುಗ್ಗಿ, ತಿಮಿಂಗಿಲ ಕಡಿಮೆಯಾದ ಮೇಲೆ ಎಣ್ಣೆಗಾಗಿ, ದಂತಕ್ಕಾಗಿ ವಾಲ್ರಸ್‌ಗಳನ್ನು ಹಿಂಡುಹಿಂಡಾಗಿ ಕೊಂದವು. ಜೊತೆಗೆ ಮದ್ಯವನ್ನೂ ರೋಗಗಳನ್ನೂ ತಂದವು. ಬೇಟೆಗೆ ಒದಗದ ಕೆಟ್ಟ ಹಿಮ ಮತ್ತು ಹವೆಯೂ ಸೇರಿಕೊಂಡು 1878ರಿಂದ 1880ರ ನಡುವೆ ಘೋರ ಕ್ಷಾಮ ಬಂತು. ಸಾವಿರಕ್ಕೂ ಹೆಚ್ಚು ಮಂದಿ, ಅಂದರೆ ಮೂರರಲ್ಲಿ ಎರಡು ಪಾಲಿನಷ್ಟು ಜನ ಸತ್ತರು. ಸವೂಂಗಾದ ಹತ್ತಿರದ ಕುಕುಲಿಕ್ ಊರಿಗೆ ಊರೇ ಇಲ್ಲವಾಯಿತು. 1881ರಲ್ಲಿ ಕಾರ್ವಿನ್ ಹಡಗಿನಲ್ಲಿ ಬಂದ ಪ್ರಕೃತಿವಾದಿ ಜಾನ್ ಮ್ಯೂರ್ ಕಂಡದ್ದು ಸತ್ತವರು ಸತ್ತಲ್ಲೇ ಉಳಿದಿದ್ದ ಮನೆಗಳನ್ನು. ಉಳಿದವರು ಮತ್ತು ಚುಕೋಟ್ಕಾದಿಂದ ಬಂದು ನೆಲೆಸಿದ ಅವರ ಬಂಧುಗಳೇ ಇಂದಿನ ಎರಡು ಊರುಗಳ ಮೂಲ. ಪ್ರವಾಸಕ್ಕೆ ಮೊದಲು ಸಂಸ್ಥೆ ಕಳುಹಿಸಿದ ಕೈಪಿಡಿಯಲ್ಲಿ ಹಕ್ಕಿಗಳ ಪಟ್ಟಿಗೆ ಹಲವು ಪುಟಗಳಿದ್ದವು. ದ್ವೀಪದ ಜನರಿಗೆ ಅರ್ಧ ಪುಟ. ಆ ಅರ್ಧ ಪುಟದಲ್ಲಿ ಕ್ಷಾಮದ ಒಂದಕ್ಷರವೂ ಇರಲಿಲ್ಲ.

ಕಾರ್ಯಕ್ರಮ ಪಟ್ಟಿಯಲ್ಲಿ ನಾಲ್ಕನೆಯ ದಿನದ ಮಧ್ಯಾಹ್ನ ಊರಿನ ಹಿರಿಯರೊಬ್ಬರೊಂದಿಗೆ ನಡಿಗೆ ಎಂದಿತ್ತು. ಪ್ರವಾಸ ಆರಿಸಿಕೊಳ್ಳಲು ನನಗೆ ಅದೇ ಮುಖ್ಯ ಕಾರಣವಾಗಿತ್ತು. ಆ ಬೆಳಿಗ್ಗೆ ದೂರದ ಬೋನ್‌ಯಾರ್ಡ್‌ನಲ್ಲಿ ಅಪರೂಪದ ಹಕ್ಕಿಯೊಂದು ಕಂಡಿತೆಂದು ರೇಡಿಯೋದಲ್ಲಿ ಸುದ್ದಿ ಬಂದಿತು. ನಡಿಗೆಯನ್ನು ರದ್ದುಮಾಡಿ ಎಲ್ಲರನ್ನೂ ಅಲ್ಲಿಗೆ ಓಡಿಸಿದರು. ಹಿರಿಯರಿಗೆ ತಿಳಿಸಿದ್ದಾರೆಯೇ ಎಂದು ಕೇಳಿದೆ. ಆಮೇಲೆ ತಿಳಿಸುತ್ತೇವೆ ಎಂದರು. ವಸತಿಗೃಹದ ಬಾಗಿಲ ಬಳಿ ಆ ಹಿರಿಯರು ಎಟಿವಿ ನಿಲ್ಲಿಸಿಕೊಂಡು ಕಾದು ಹಿಂದಿರುಗಿದರೆಂದು ಸಂಜೆ ತಿಳಿದಾಗ ನನಗಾದ ನಾಚಿಕೆ ಇನ್ನೂ ಹೋಗಿಲ್ಲ. ಹಕ್ಕಿ ಸಿಗಲಿಲ್ಲ, ಸಿಕ್ಕಿದ್ದರೂ ಮಾತು ಬದಲಾಗುತ್ತಿರಲಿಲ್ಲ.

ಮರುದಿನ ನಾನು ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಸ್ವಂತ ಹಣದಿಂದ ಅರ್ಧ ದಿನ ಅವರ ಎಟಿವಿಯ ಹಿಂದೆ ಕುಳಿತು ಊರು ಸುತ್ತಿದೆ. ಆರು ದಿನಗಳಲ್ಲಿ ನಾನು ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಬಂದದ್ದು ಆ ಅರ್ಧ ದಿನಕ್ಕೆ. ಅವರು ಮೊದಲು ಕರೆದೊಯ್ದದ್ದು ದಡದ ಅಟ್ಟಣಿಗೆಗಳ ಮೇಲಿಟ್ಟಿದ್ದ ಚರ್ಮದ ದೋಣಿಯ ಬಳಿಗೆ. ಮರದ ಹಂದರಕ್ಕೆ ಹೊದಿಸಿರುವುದು ಹೆಣ್ಣು ವಾಲ್ರಸ್‌ನ ಚರ್ಮ. ದಪ್ಪವಾದ ಆ ಚರ್ಮವನ್ನು ಎರಡು ಪದರಗಳಾಗಿ ಸೀಳಿ ಬಿಡಿಸುವ ಕೆಲಸ ಹೆಂಗಸರದ್ದು, ಒಂದು ಕಡೆ ಕತ್ತಿ ಜಾರಿದರೂ ಇಡೀ ಚರ್ಮ ವ್ಯರ್ಥ. ದೋಣಿಯ ಒಳಗೆ ತಲೆಬಾಗಿಸಿ ನೋಡಲು ಹೇಳಿದರು. ಹೊರಗಿನ ಬಿಸಿಲು ಚರ್ಮದ ಮೂಲಕ ಹಾದು ಒಳಗೆಲ್ಲ ಜೇನುಬಣ್ಣದ ಬೆಳಕಾಗಿತ್ತು. ಹೊಲಿಗೆಯ ಸಾಲುಗಳು ಮಾತ್ರ ಕಪ್ಪಗೆ ಕಾಣುತ್ತಿದ್ದವು. ಬೋಹೆಡ್ ತಿಮಿಂಗಿಲ ಸದ್ದು ಕೇಳಿದರೆ ದೂರವಾಗುತ್ತದೆ, ಆದ್ದರಿಂದ ಹಾಯಿಯನ್ನೂ ಈ ಸದ್ದಿಲ್ಲದ ಚರ್ಮವನ್ನೂ ಇನ್ನೂ ಬಿಟ್ಟಿಲ್ಲ ಎಂದರು. ಈ ಬೇಟೆ ಮನಬಂದಂತೆ ನಡೆಯುವುದಿಲ್ಲ. 1977ರಲ್ಲಿ ಅಲಾಸ್ಕಾದ ಬೇಟೆಗಾರರೇ ಕಟ್ಟಿಕೊಂಡ ತಿಮಿಂಗಿಲ ಆಯೋಗ ಪ್ರತಿ ಊರಿನ ಪಾಲನ್ನು ನಿಗದಿ ಮಾಡುತ್ತದೆ, ಗ್ಯಾಂಬೆಲ್ ಮತ್ತು ಸವೂಂಗಾ ಎರಡೂ ಅದರ ಸದಸ್ಯ ಊರುಗಳು. ವಾಲ್ರಸ್ ಕಥೆ ಬೇರೆ. ಹಿಮ ಬೇಗ ಕರಗಿ ಗಾಳಿ ಕೆಟ್ಟ 2013ರ ವಸಂತದಲ್ಲಿ ವಾಲ್ರಸ್ ಸಿಗದೆ ರಾಜ್ಯ ಸರ್ಕಾರವೇ ದ್ವೀಪಕ್ಕೆ ಆರ್ಥಿಕ ವಿಪತ್ತು ಘೋಷಿಸಬೇಕಾಯಿತು.

ಅವರ ಬೆರಳು ಆಗಾಗ ಪಶ್ಚಿಮದ ಬೆಟ್ಟಗಳತ್ತ ತಿರುಗುತ್ತಿತ್ತು. ಇಲ್ಲಿನ ಮಾತು ಅಲಾಸ್ಕಾ ಮುಖ್ಯಭೂಮಿಯ ಯೂಪಿಕ್ ಭಾಷೆಯಲ್ಲ. ಚುಕೋಟ್ಕಾದ ದಡದಲ್ಲಿ ಆಡುವ ಯೂಪಿಗೆಸ್ತುನ್ ಎಂಬ ಭಾಷೆಯೇ ಇಲ್ಲಿಯೂ ಇದೆ, ಎರಡೂ ಕಡೆ ಒಂದೇ ಕುಲದ ಮನೆಗಳಿವೆ. 1948ರಲ್ಲಿ ಗಡಿ ಮುಚ್ಚಿದ ಮೇಲೆ ನಲವತ್ತು ವರ್ಷ ಆ ಮನೆಗಳ ನಡುವೆ ಮಾತಿಲ್ಲ. ಆ ನಡುವೆ 1958ರಲ್ಲಿ ಎದುರು ದಡದ ಉಂಗಾಝಿಕ್ ಊರನ್ನು ಸೋವಿಯತ್ ಆಡಳಿತ ಮುಚ್ಚಿ ಜನರನ್ನು ಬೇರೆಡೆಗೆ ಸಾಗಿಸಿತು. 1988ರ ಜೂನ್‌ನಲ್ಲಿ ನೋಮ್‌ನಿಂದ ಚುಕೋಟ್ಕಾದ ಪ್ರೊವಿದೆನಿಯಾಕ್ಕೆ ಸ್ನೇಹ ವಿಮಾನ ಹಾರಿದ ಮೇಲೆಯೇ ಬಂಧುಗಳು ಬಂಧುಗಳ ಮುಖ ನೋಡಿದ್ದು. 1955ರ ಜೂನ್ 22ರಂದು ಸೋವಿಯತ್ ಮಿಗ್ ವಿಮಾನಗಳು ಹೊಡೆದುರುಳಿಸಿದ ಅಮೆರಿಕದ ನೌಕಾಪಡೆಯ ನೆಪ್ಚೂನ್ ವಿಮಾನ ಊರಿನಿಂದ ದೂರದ ತಂಡ್ರಾದಲ್ಲಿ ಬಿದ್ದಾಗ, ಅದರಲ್ಲಿದ್ದ ಹನ್ನೊಂದು ಮಂದಿಯನ್ನೂ ಉಳಿಸಿ ತಂದವರು ಇದೇ ಊರಿನವರು. ಊರಿಗೆ ಗ್ಯಾಂಬೆಲ್ ಎಂಬ ಹೆಸರು ಬಂದದ್ದು 1894ರಲ್ಲಿ ಶಾಲೆ ನಡೆಸಲು ಬಂದು, 1898ರಲ್ಲಿ ಹಡಗು ಮುಳುಗಿ ತೀರಿಕೊಂಡ ಮಿಷನರಿ ದಂಪತಿಯಿಂದ. ಸವೂಂಗಾ ಬೆಳೆದದ್ದು 1900ರಲ್ಲಿ ತಂದ ಹಿಮಸಾರಂಗಗಳ ಕಾವಲುಶಿಬಿರದ ಸುತ್ತ.

ಪ್ರವಾಸಿಗರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು. 1971ರಲ್ಲಿ ಅಲಾಸ್ಕಾದ ಮೂಲನಿವಾಸಿಗಳ ಭೂಹಕ್ಕಿನ ಇತ್ಯರ್ಥಕ್ಕಾಗಿ ಅಮೆರಿಕದ ಸಂಸತ್ತು 96.25 ಕೋಟಿ ಡಾಲರ್ ಮತ್ತು 4.4 ಕೋಟಿ ಎಕರೆಗಳ ಕಾಯ್ದೆ ತಂದಾಗ, ಗ್ಯಾಂಬೆಲ್ ಮತ್ತು ಸವೂಂಗಾ ಆ ಹಣದ ಪಾಲನ್ನು ಬಿಟ್ಟುಕೊಟ್ಟು ತಮ್ಮ ದ್ವೀಪದ ಪೂರ್ಣ ಒಡೆತನವನ್ನೇ ಆರಿಸಿಕೊಂಡವು. ಅಂದರೆ ಊರ ಹೊರಗೆ ಇಡುವ ಪ್ರತಿ ಹೆಜ್ಜೆಯೂ ಅವರ ಖಾಸಗಿ ನೆಲದಲ್ಲಿ; ಸಂದರ್ಶಕರು ಅನುಮತಿಪತ್ರ ಪಡೆದು ಶುಲ್ಕ ಕೊಡುವುದು ಅದಕ್ಕಾಗಿ. ಸಂಸ್ಥೆಯವರು ಅದನ್ನು ಪ್ರವೇಶ ತೆರಿಗೆ ಎಂದಷ್ಟೇ ರಸೀದಿಯಲ್ಲಿ ಕಾಣಿಸಿದ್ದರು.

ಸಂಜೆಗಳಲ್ಲಿ ಊರಿನ ಶಿಲ್ಪಿಗಳು ವಸತಿಗೃಹಕ್ಕೆ ಬಂದು, ಬಟ್ಟೆಯಲ್ಲಿ ಸುತ್ತಿ ತಂದ ವಾಲ್ರಸ್ ದಂತದ ಕೆತ್ತನೆಗಳನ್ನು ಮೇಜಿನ ಮೇಲೆ ಬಿಡಿಸುತ್ತಾರೆ. ಹೆಬ್ಬೆರಳಿನಷ್ಟಿದ್ದ ಆಕ್ಲೆಟ್ ಒಂದನ್ನು ನಾನು ಬಹಳ ಹೊತ್ತು ಹಿಡಿದು ನೋಡಿದೆ. ಕಣ್ಣಿಗೆ ತಿಮಿಂಗಿಲದ ಬಾಯೊಳಗಿನ ಜರಡಿಪಟ್ಟಿಯಿಂದ ಮಾಡಿದ ಕರಿಚುಕ್ಕೆ. ಎದೆಯ ತಿರುವಿನಲ್ಲಿ ದಂತದ ಒಳತಿರುಳಿನ ಹರಳುಗಟ್ಟಿದ ಮಚ್ಚೆ ಗರಿಗಳಂತೆಯೇ ಬರುವ ಹಾಗೆ ತುಂಡನ್ನು ಆರಿಸಿದ್ದರು. 1972ರ ಕಡಲ ಸಸ್ತನಿಗಳ ರಕ್ಷಣಾ ಕಾಯ್ದೆಯ ಪ್ರಕಾರ ಅಲಾಸ್ಕಾದ ಮೂಲನಿವಾಸಿಗಳು ಹೀಗೆ ಕೆತ್ತಿ ಮಾರುವುದು ಪೂರ್ತಿ ಕಾನೂನುಬದ್ಧ. ಆದರೆ ಆಫ್ರಿಕಾದ ಆನೆಗಳನ್ನು ಉಳಿಸಲು ಕ್ಯಾಲಿಫೋರ್ನಿಯಾ ತಂದ ನಿಷೇಧದಲ್ಲಿ ವಾಲ್ರಸ್ ದಂತವೂ ಸೇರಿಕೊಂಡು ಇವರ ಮಾರುಕಟ್ಟೆ ಕುಗ್ಗಿದೆ. ದೇಶದಾಚೆಗೆ ಒಯ್ಯಲು ಪ್ರತ್ಯೇಕ ಪರವಾನಗಿ ಬೇಕು. ಸಂಸ್ಥೆಯ ಕೈಪಿಡಿ ಮಾತ್ರ ಇದನ್ನು ಒಳ್ಳೆಯ ಉಡುಗೊರೆ ಎಂದಷ್ಟೇ ಹೊಗಳಿತ್ತು. ನಾನು ಬೇರೆ ದೇಶದವನೆಂದು ತಿಳಿದ ಶಿಲ್ಪಿಯೇ, ಮಾರಾಟ ಕೈತಪ್ಪಿದರೂ ಚಿಂತೆಯಿಲ್ಲವೆಂಬಂತೆ, ಕಾಗದಪತ್ರ ಇಲ್ಲದೆ ಒಯ್ಯಬೇಡಿ ಎಂದು ಎಚ್ಚರಿಸಿದರು. ತಿಳಿಸುವ ಹೊಣೆಯಿದ್ದವರು ತಿಳಿಸಲಿಲ್ಲ, ಮಾರುವವರು ತಿಳಿಸಿದರು.

ಒಟ್ಟಿನಲ್ಲಿ ಹಕ್ಕಿಗಾಗಿ ಐದಕ್ಕೆ ಐದು, ವ್ಯವಸ್ಥೆಗೆ ನಾಲ್ಕು, ಊರಿನ ಜನರೊಂದಿಗಿನ ನಡವಳಿಕೆಗೆ ಒಂದು ಅಂಕ ಕೊಡುತ್ತೇನೆ. ನಾನು ಸಂಸ್ಥೆಗೆ ಬರೆದ ಪತ್ರದಲ್ಲಿ ಮೂರು ಬೇಡಿಕೆ ಇಟ್ಟಿದ್ದೇನೆ: ಊರಿನವರೊಬ್ಬರನ್ನು ಇಡೀ ಪ್ರವಾಸಕ್ಕೆ ಸಂಬಳದ ಮಾರ್ಗದರ್ಶಕರನ್ನಾಗಿ ತೆಗೆದುಕೊಳ್ಳಲಿ, ಅವರೊಂದಿಗಿನ ನಡಿಗೆಯನ್ನು ಯಾವ ಹಕ್ಕಿಗಾಗಿಯೂ ರದ್ದುಮಾಡದಿರಲಿ, ಬೋನ್‌ಯಾರ್ಡ್‌ಗೆ ಇಳಿಯುವ ಮೊದಲು ಅದು ಏನೆಂದು ಹೇಳಲಿ. ಕೈಪಿಡಿಯನ್ನು ತಿದ್ದುತ್ತೇವೆ ಎಂದು ಉತ್ತರ ಬಂದಿದೆ. ಉಳಿದ ಎರಡಕ್ಕೆ ಉತ್ತರವಿಲ್ಲ. ಹೋಗಬೇಕೆಂದಿರುವವರು ಹಣ ಕಟ್ಟುವ ಮೊದಲು ಆ ಎರಡು ಪ್ರಶ್ನೆಗಳನ್ನು ಯಾವ ಸಂಸ್ಥೆಗಾದರೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮಂಜಿಗಾಗಿ ಹಿಂದೆ ಮುಂದೆ ಎರಡೆರಡು ದಿನ ಬಿಡುವು ಇಟ್ಟುಕೊಳ್ಳಿ. ಮಾಂಸ ಒಣಗಿಸುವ ಅಟ್ಟಣಿಗೆಯನ್ನಾಗಲಿ, ಜನರನ್ನಾಗಲಿ ಕೇಳದೆ ಚಿತ್ರ ತೆಗೆಯಬೇಡಿ. ನೆಲದಿಂದ ಒಂದು ಎಲುಬನ್ನೂ ಎತ್ತಬೇಡಿ.

ಹೊರಡುವ ದಿನ ರನ್‌ವೇಗೆ ನನ್ನ ಚೀಲ ಹೊತ್ತು ತಂದವರು ಅದೇ ಹಿರಿಯರು. ವಿಮಾನ ಬರಲು ಇನ್ನೂ ಹೊತ್ತಿತ್ತು. ಚಿಕ್ಕ ಡಬ್ಬಿಯೊಂದನ್ನು ತೆರೆದು ಮಂಗ್ಟಾಕ್ ಕೊಟ್ಟರು, ಬೋಹೆಡ್ ತಿಮಿಂಗಿಲದ ಕಪ್ಪು ಚರ್ಮ, ಅದಕ್ಕಂಟಿದ ನಸುಗೆಂಪು ಕೊಬ್ಬು, ಸಣ್ಣದಾಗಿ ಹೆಚ್ಚಿದ್ದು. ಇಬ್ಬರೂ ಉರುಟುಗಲ್ಲಿನ ಮೇಲೆ ಕುಳಿತು ತಿಂದೆವು. ಮುಂದಿನ ಸಲ ಸವೂಂಗಾಕ್ಕೂ ಹೋಗಬೇಕು, ತಮ್ಮ ತಂಗಿಯ ಮನೆ ಅಲ್ಲಿದೆ, ಮೊದಲೇ ಫೋನ್ ಮಾಡಿ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ, ಹಕ್ಕಿಗಳ ಪಟ್ಟಿಯ ಪಕ್ಕದಲ್ಲೇ, ತಮ್ಮ ಕೈಯಿಂದ ಸಂಖ್ಯೆ ಬರೆದುಕೊಟ್ಟರು.